ಅಗ್ಗದ ಪ್ಯಾಕೆಟ್ ಅಂದರೆ ಕಲಬೆರಕೆಯೇ? ಕಡಿಮೆ ಬೆಲೆಯ ದಿನಸಿ ಬಗ್ಗೆ ಹರಿದಾಡುವ ಸಂದೇಶಗಳ ಸತ್ಯಾಸತ್ಯತೆ

ಸೂಪರ್ ಮಾರ್ಕೆಟ್‌ಗಳ ಸ್ವಂತ ಬ್ರಾಂಡಿನ ಬೇಳೆ, ಅಕ್ಕಿ, ಹಿಟ್ಟು ಸಾಮಾನ್ಯವಾಗಿ ಹೆಸರಾಂತ ಕಂಪನಿಗಳ ಪ್ಯಾಕೆಟ್‌ಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. "ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ? ಏನೋ ಬೆರೆಸಿರಲೇಬೇಕು" ಎಂಬ ಸಂದೇಶ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತದೆ. ಇದರ ಜೊತೆಗೆ ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ, ಕಡಿಮೆ ಬೆಲೆಯ ಹಾಲಿನಲ್ಲಿ ಸತ್ವವೇ ಇಲ್ಲ ಎಂಬ ಮಾತುಗಳೂ ಇವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಚುಟುಕಾಗಿ ಹೇಳುವುದಾದರೆ, ಕಡಿಮೆ ಬೆಲೆ ಕಲಬೆರಕೆಯ ಲಕ್ಷಣವಲ್ಲ, ಹೆಚ್ಚು ಬೆಲೆ ಶುದ್ಧತೆಯ ಗ್ಯಾರಂಟಿಯೂ ಅಲ್ಲ. ಆದರೆ ಕೆಲವು ಪದಾರ್ಥಗಳಲ್ಲಿ ಬೆಲೆ ಇಳಿದಂತೆ ಒಳಗಿರುವ ವಸ್ತುವೂ ಬದಲಾಗುತ್ತದೆ. ಅದನ್ನು ಗುರುತಿಸಲು ಪ್ಯಾಕೆಟ್‌ನ ಹಿಂಬದಿ ಓದಿದರೆ ಸಾಕು.

ಸ್ವಂತ ಬ್ರಾಂಡ್ ಅಂದರೆ ಏನು?

ಅಂಗಡಿಯೇ ತನ್ನ ಹೆಸರಿನಲ್ಲಿ ಪ್ಯಾಕ್ ಮಾಡಿಸಿ ಮಾರುವ ಸಾಮಾನು ಇದು. ಫ್ರಾನ್ಸ್‌ನ ಕ್ಯಾರ್ಫೂರ್ 1976ರಲ್ಲಿ ಬ್ರಾಂಡ್ ಹೆಸರಿಲ್ಲದ 50 ಪದಾರ್ಥಗಳನ್ನು ಮಾರಾಟಕ್ಕೆ ತಂದಿತು. ಬ್ರಿಟನ್ನಿನ ಟೆಸ್ಕೊ 1993ರಲ್ಲಿ 'ವ್ಯಾಲ್ಯೂ' ಎಂಬ ಅಗ್ಗದ ಸರಣಿ ಶುರು ಮಾಡಿತು. ನಮ್ಮಲ್ಲೂ ಈಗ ಇದು ಮಾಮೂಲು. ಬೆಂಗಳೂರಿನಲ್ಲಿ ಹುಟ್ಟಿದ ಬಿಗ್‌ಬಾಸ್ಕೆಟ್‌ನಲ್ಲಿ 'ಬಿಬಿ ಪಾಪ್ಯುಲರ್' ಮತ್ತು 'ಬಿಬಿ ರಾಯಲ್' ಎಂಬ ಎರಡು ದರ್ಜೆಗಳಿವೆ. ರಿಲಯನ್ಸ್ ಮಳಿಗೆಗಳಲ್ಲಿ 'ಗುಡ್ ಲೈಫ್' ಇದೆ.

ಇವು ಅಗ್ಗವಾಗುವುದಕ್ಕೆ ಕಾರಣ ಸರಳ. ಟಿವಿ ಜಾಹೀರಾತಿನ ಖರ್ಚಿಲ್ಲ. ನಡುವೆ ಡೀಲರ್, ಡಿಸ್ಟ್ರಿಬ್ಯೂಟರ್‌ಗಳ ಕಮಿಷನ್ ಇಲ್ಲ. ಗಿರಣಿಯಿಂದ ದೊಡ್ಡ ಪ್ರಮಾಣದಲ್ಲಿ ಕೊಂಡು, ತನ್ನದೇ ಕಪಾಟಿನಲ್ಲಿ ಇಟ್ಟು ಮಾರಲಾಗುತ್ತದೆ. ಪ್ಯಾಕೆಟ್ ಮೇಲೆ 'ತಯಾರಕರು' ಮತ್ತು 'ಮಾರಾಟ ಮಾಡುವವರು' ಎಂದು ಬೇರೆ ಬೇರೆ ವಿಳಾಸ ಇದ್ದರೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ದುಬಾರಿ ಬ್ರಾಂಡಿಗೂ ಅಗ್ಗದ ಬ್ರಾಂಡಿಗೂ ಒಂದೇ ರೀತಿ ಅನ್ವಯಿಸುತ್ತದೆ.

ಅಗ್ಗದಲ್ಲಿ ಮೂರು ಬಗೆ

ಫಾರ್ವರ್ಡ್‌ಗಳು ಎಲ್ಲ ಅಗ್ಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ವಾಸ್ತವದಲ್ಲಿ ಮೂರು ಬಗೆಗಳಿವೆ.

1. ಹೆಸರಿಗೆ ಕೊಡುವ ಹಣ ಉಳಿಯುವುದು. ಸಕ್ಕರೆ, ಉಪ್ಪು, ರವೆಯಂಥ ಸಾಮಾನು ಯಾರ ಪ್ಯಾಕೆಟ್‌ನಲ್ಲಿದ್ದರೂ ಹೆಚ್ಚುಕಡಿಮೆ ಒಂದೇ. ಅಯೋಡಿನ್ ಸೇರಿಸಿದ ಉಪ್ಪಿನಲ್ಲಿ ಅಂಗಡಿ ಹಂತದಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು ಎಂಬ ನಿಯಮ ಎಲ್ಲ ಕಂಪನಿಗೂ ಒಂದೇ. ಇಲ್ಲಿ ಅಗ್ಗದ್ದು ಕೊಂಡರೆ ನಷ್ಟವಿಲ್ಲ.

2. ನೋಟಕ್ಕೆ ಕೊಡುವ ಹಣ ಉಳಿಯುವುದು. ಅಗ್ಗದ ಅಕ್ಕಿಯಲ್ಲಿ ನುಚ್ಚು ಜಾಸ್ತಿ ಇರಬಹುದು, ತೊಗರಿಬೇಳೆ ಸಣ್ಣದಿರಬಹುದು, ಹೊಳಪು ಕಡಿಮೆ ಇರಬಹುದು. ಅನ್ನ ಸ್ವಲ್ಪ ಮುದ್ದೆಯಾದೀತು, ಬೇಳೆ ಆರಿಸುವ ಕೆಲಸ ಹೆಚ್ಚಾದೀತು. ಆದರೆ ನುಚ್ಚಿನ ಪೋಷಕಾಂಶ ಇಡೀ ಅಕ್ಕಿಯದ್ದೇ. ಬೇಳೆಗೆ ಪಾಲಿಶ್ ಮಾಡುವುದು ಹೊಳಪಿಗಾಗಿ, ಅದರಿಂದ ಪೋಷಕಾಂಶವೇನೂ ಹೆಚ್ಚುವುದಿಲ್ಲ.

3. ಒಳಗಿನ ವಸ್ತುವೇ ಬದಲಾಗುವುದು. ಇಲ್ಲಿ ಮಾತ್ರ ಎಚ್ಚರ ಬೇಕು. ಇದರ ಬಗ್ಗೆ ಮುಂದೆ ನೋಡೋಣ.

ಹೇಳಿಕೆ: ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ

ಸುಳ್ಳು. ಪ್ಲಾಸ್ಟಿಕ್ ಅಕ್ಕಿಯ ವದಂತಿ 2017ರಲ್ಲೇ ದಕ್ಷಿಣದ ರಾಜ್ಯಗಳಲ್ಲಿ ಜೋರಾಗಿ ಹಬ್ಬಿತ್ತು. ಸಾರವರ್ಧಿತ ಅಕ್ಕಿ ಬಂದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. 2021ರ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ ಅವರು ಸರ್ಕಾರಿ ಯೋಜನೆಗಳ ಅಕ್ಕಿಯನ್ನು 2024ರೊಳಗೆ ಸಾರವರ್ಧಿತ ಮಾಡುವುದಾಗಿ ಪ್ರಕಟಿಸಿದ್ದರು. ಹೀಗಾಗಿ ನ್ಯಾಯಬೆಲೆ ಅಂಗಡಿ, ಶಾಲೆಯ ಬಿಸಿಯೂಟ, ಅಂಗನವಾಡಿಗಳಿಗೆ ಈ ಅಕ್ಕಿ ಬಂತು.

ಇದನ್ನು ಮಾಡುವ ವಿಧಾನ ಹೀಗಿದೆ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ವಿಟಮಿನ್ ಬಿ12 ಸೇರಿಸಿ, ನಾದಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರದ ಕಾಳು ತೆಗೆಯುತ್ತಾರೆ. ಶಾವಿಗೆ ಒತ್ತಿದ ಹಾಗೆಯೇ. 100 ಕಾಳು ಮಾಮೂಲಿ ಅಕ್ಕಿಗೆ ಇಂಥ ಒಂದು ಕಾಳಿನ ಲೆಕ್ಕದಲ್ಲಿ, ಅಂದರೆ ಕೆ.ಜಿ.ಗೆ ಸುಮಾರು 10 ಗ್ರಾಂನಷ್ಟು ಬೆರೆಸುತ್ತಾರೆ. ಹಿಟ್ಟಿನಿಂದ ಮಾಡಿದ್ದರಿಂದ ಇದರ ಬಣ್ಣ ಸ್ವಲ್ಪ ಬೇರೆ. ತೊಳೆಯುವಾಗ ಕೆಲವು ಕಾಳು ತೇಲುತ್ತವೆ. ತೇಲಿದ್ದನ್ನೇ ವಿಡಿಯೊ ಮಾಡಿ ಪ್ಲಾಸ್ಟಿಕ್ ಎನ್ನುತ್ತಾರೆ.

ಅನ್ನದ ಉಂಡೆಯನ್ನು ನೆಲಕ್ಕೆ ಹೊಡೆದರೆ ಪುಟಿಯುತ್ತದೆ ಎಂಬುದೂ ಪುರಾವೆಯಲ್ಲ. ಬೆಂದ ಪಿಷ್ಟ ಅಂಟಾಗಿರುತ್ತದೆ, ಗಟ್ಟಿಯಾಗಿ ಉಂಡೆ ಕಟ್ಟಿದರೆ ಯಾವ ಅಕ್ಕಿಯ ಅನ್ನವಾದರೂ ಸ್ವಲ್ಪ ಪುಟಿಯುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಬಿಸಿಗೆ ಕರಗುತ್ತಿತ್ತು, ಅನ್ನವಾಗಿ ಬೇಯುತ್ತಿರಲಿಲ್ಲ.

ಈ ವದಂತಿಯಿಂದ ಆಗುವ ಹಾನಿ ಸಣ್ಣದಲ್ಲ. ಕಬ್ಬಿಣಾಂಶ ಇರುವ ಕಾಳನ್ನೇ ಆರಿಸಿ ಎಸೆದು, ಅಥವಾ ಅಷ್ಟೂ ಅಕ್ಕಿಯನ್ನು ಕಡಿಮೆ ಬೆಲೆಗೆ ಮಾರಿ, ಕೈಯಿಂದ ಹಣ ಹಾಕಿ ಬೇರೆ ಅಕ್ಕಿ ತಂದರೆ ಆ ಹಣ ಬೇಳೆ, ಮೊಟ್ಟೆಯ ಬಾಬ್ತಿನಿಂದಲೇ ಹೋಗುತ್ತದೆ. ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇದ್ದು, ಕಬ್ಬಿಣಾಂಶ ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುವವರು ಮಾತ್ರ ಈ ಅಕ್ಕಿಯ ಬಗ್ಗೆ ಅವರನ್ನು ಕೇಳಬೇಕು.

ಹೇಳಿಕೆ: ಹಿಟ್ಟನ್ನು ನೀರಿನಲ್ಲಿ ತೊಳೆದರೆ ರಬ್ಬರ್ ಉಳಿಯುತ್ತದೆ

ತೊಳೆದಾಗ ಉಳಿಯುವುದು ನಿಜ, ಆದರೆ ಅದು ರಬ್ಬರ್ ಅಲ್ಲ. ಅದು ಗ್ಲುಟೆನ್, ಗೋಧಿಯಲ್ಲಿ ಸಹಜವಾಗಿ ಇರುವ ಪ್ರೋಟೀನ್. ನಾದಿದ ಗೋಧಿಹಿಟ್ಟನ್ನು ನೀರಿನಲ್ಲಿ ಹಿಸುಕುತ್ತಾ ಹೋದರೆ ಪಿಷ್ಟ ತೊಳೆದುಹೋಗಿ ಗ್ಲುಟೆನ್ ಉಳಿಯುತ್ತದೆ. ಚಪಾತಿ ಹರಿಯದೆ ಲಟ್ಟಿಸಲು ಬರುವುದೇ ಇದರಿಂದ. ನಿಮ್ಮೂರ ಗಿರಣಿಯಲ್ಲಿ ಕಣ್ಣೆದುರೇ ಬೀಸಿಸಿದ ಹಿಟ್ಟಿನಲ್ಲೂ ಇದು ಸಿಗುತ್ತದೆ.

ಹೇಳಿಕೆ: ಪ್ಯಾಕೆಟ್‌ಗಿಂತ ಬಿಡಿ ಸಾಮಾನು ಶುದ್ಧ

ಹಾಗೆಂದು ಹೇಳಲಾಗದು. ಬಿಡಿ ಸಾಮಾನು ಅಗ್ಗವಾಗಿರಬಹುದು, ಬೇಕಾದಷ್ಟೇ ಕೊಳ್ಳಬಹುದು, ಗೊತ್ತಿರುವ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ಆದರೆ ತಯಾರಿಸಿದವರು ಯಾರು ಎಂಬ ಗುರುತು ಇರುವುದಿಲ್ಲ. ತೊಗರಿಬೇಳೆಗೆ ಕೇಸರಿ ಬೇಳೆ ಬೆರೆಸುವುದು ಹಳೆಯ ಕಲಬೆರಕೆ. ಕೇಸರಿ ಬೇಳೆಯನ್ನೇ ದೀರ್ಘಕಾಲ ಹೆಚ್ಚಾಗಿ ತಿಂದರೆ ಕಾಲುಗಳ ಸ್ವಾಧೀನ ತಪ್ಪುವ ಲ್ಯಾಥಿರಿಸಂ ಕಾಯಿಲೆ ಬರುತ್ತದೆ. ಬೇಳೆ, ಅರಿಶಿನಕ್ಕೆ ನಿಷೇಧಿತ ಮೆಟಾನಿಲ್ ಹಳದಿ ಬಣ್ಣ ಸೇರಿಸುವುದೂ ಉಂಟು. ಅಡುಗೆ ಎಣ್ಣೆಯನ್ನಂತೂ ಸರ್ಕಾರದ ವಿನಾಯಿತಿ ಇಲ್ಲದೆ ಬಿಡಿಯಾಗಿ ಮಾರುವಂತಿಲ್ಲ. ಇಡೀ ಕಾಳುಗಳನ್ನು ಬಿಡಿಯಾಗಿ ಕೊಳ್ಳಲು ಅಷ್ಟು ಅಂಜಬೇಕಿಲ್ಲ. ಆದರೆ ಪುಡಿ ಮತ್ತು ಎಣ್ಣೆಗೆ ಲೈಸೆನ್ಸ್ ಸಂಖ್ಯೆ ಇರುವ ಪ್ಯಾಕೆಟ್ ವಾಸಿ.

ಹೇಳಿಕೆ: ಕಡಿಮೆ ಬೆಲೆಯ ಹಾಲಿನಲ್ಲಿ ಸತ್ವ ಇಲ್ಲ

ತಪ್ಪು ಕಲ್ಪನೆ. ಹಾಲಿನ ಬೆಲೆ ಮುಖ್ಯವಾಗಿ ಕೊಬ್ಬಿನ ಅಂಶದ ಮೇಲೆ ನಿಂತಿದೆ. ನಿಯಮದ ಪ್ರಕಾರ ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3 ಕೊಬ್ಬು ಮತ್ತು ಶೇ. 8.5 ಕೊಬ್ಬಿಲ್ಲದ ಘನಾಂಶ ಇರಬೇಕು. ಅದಕ್ಕಿಂತ ದುಬಾರಿಯಾದ ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಕೊಬ್ಬು ಶೇ. 4.5, ಘನಾಂಶ ಮಾತ್ರ ಅದೇ ಶೇ. 8.5. ಪ್ರೋಟೀನ್, ಕ್ಯಾಲ್ಸಿಯಂ ಇರುವುದು ಈ ಘನಾಂಶದಲ್ಲಿ. ಅಂದರೆ ಹೆಚ್ಚು ಹಣಕ್ಕೆ ಸಿಗುವುದು ಕೆನೆ, ಪ್ರೋಟೀನ್ ಅಲ್ಲ. ತುಂಬ ಚಿಕ್ಕ ಮಕ್ಕಳಿಗೆ ಕೊಬ್ಬೂ ಬೇಕು. ಮನೆಯ ಉಳಿದವರಿಗೆ ಟೋನ್ಡ್ ಹಾಲು ಸಾಕು.

ನಿಜವಾಗಿ ಎಲ್ಲಿ ಎಚ್ಚರ ಬೇಕು?

ಪ್ಯಾಕೆಟ್‌ನ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಅತಿ ಹೆಚ್ಚು ಇರುವುದನ್ನು ಮೊದಲು ಬರೆಯಬೇಕು. ಮೊದಲ ಮೂರು ಹೆಸರು ಓದಿದರೆ ಸಾಕು, ಅರ್ಧ ಕಥೆ ಗೊತ್ತಾಗುತ್ತದೆ.

- ಎಣ್ಣೆ: ಮುಂದೆ ಸೂರ್ಯಕಾಂತಿಯ ಚಿತ್ರವಿದ್ದರೂ ಹಿಂದೆ ಬೇರೆ ಎಣ್ಣೆಯ ಮಿಶ್ರಣ ಎಂದು ಬರೆದಿರಬಹುದು. ಮಿಶ್ರಣ ಮಾರಲು ಕಾನೂನಿನಲ್ಲಿ ಅವಕಾಶವಿದೆ, ಅದು ಕಲಬೆರಕೆಯಲ್ಲ. ಪಾಮೋಲಿನ್ ವಿಷವೂ ಅಲ್ಲ. ಆದರೆ ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ. 40ಕ್ಕೂ ಹೆಚ್ಚು, ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಶೇ. 11. ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಎಂದು ತಿಳಿದು ಕೊಳ್ಳಿ.
- ರಾಗಿ ಅಥವಾ ಗೋಧಿ ಬಿಸ್ಕೆಟ್, ಬ್ರೆಡ್: ಪಟ್ಟಿಯಲ್ಲಿ ಮೊದಲು ಮೈದಾ ಇದ್ದರೆ ಅದು ಮೈದಾ ಬಿಸ್ಕೆಟ್ ಎಂದೇ ಲೆಕ್ಕ.
- ಐಸ್‌ಕ್ರೀಮ್: 'ಫ್ರೋಜನ್ ಡೆಸರ್ಟ್' ಎಂದು ಬರೆದಿದ್ದರೆ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿರಬಹುದು.
- ಮಕ್ಕಳ ಮಾಲ್ಟ್ ಪುಡಿ: ಇಲ್ಲಿ ಸಮಸ್ಯೆ ದುಬಾರಿ ಬ್ರಾಂಡಿನದ್ದು. 'ಹೆಲ್ತ್ ಡ್ರಿಂಕ್' ಎಂಬುದಕ್ಕೆ ಆಹಾರ ಸುರಕ್ಷತಾ ಕಾನೂನಿನಲ್ಲಿ ವ್ಯಾಖ್ಯಾನವೇ ಇಲ್ಲ. ಇಂಥ ಪುಡಿಗಳನ್ನು ಆ ವಿಭಾಗದಿಂದ ತೆಗೆಯುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಪಟ್ಟಿಯಲ್ಲಿ ಸಕ್ಕರೆ ಎಷ್ಟನೆಯದು ಎಂದು ನೋಡಿ.

ಅಗ್ಗವೋ ಅಲ್ಲವೋ ಎಂದು ಲೆಕ್ಕ ಹಾಕುವುದು ಹೇಗೆ?

'ಎಂಆರ್‌ಪಿ ಮೇಲೆ 40 ರೂ. ಕಡಿತ' ಎಂಬುದನ್ನು ನೋಡಬೇಡಿ. ಎಂಆರ್‌ಪಿ ಗರಿಷ್ಠ ಬೆಲೆ ಅಷ್ಟೇ, ಅದನ್ನು ನಿಗದಿ ಮಾಡುವುದು ಕಂಪನಿಯೇ. ನೋಡಬೇಕಾದ್ದು ಪ್ರತಿ ಗ್ರಾಂ ಅಥವಾ ಕೆ.ಜಿ. ದರ. ಪ್ಯಾಕೆಟ್ ಸಾಮಾನುಗಳ ನಿಯಮಕ್ಕೆ 2021ರಲ್ಲಿ ತಂದ ತಿದ್ದುಪಡಿಯಂತೆ ಈ ದರವನ್ನೂ ಪ್ಯಾಕೆಟ್ ಮೇಲೆ ಮುದ್ರಿಸಬೇಕು.

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗವಲ್ಲ. 400 ಗ್ರಾಂಗೆ 58 ರೂ., 1 ಕೆ.ಜಿ.ಗೆ 150 ರೂ. ಇದೆ ಎಂದುಕೊಳ್ಳಿ. ಸಣ್ಣದರ ಲೆಕ್ಕದಲ್ಲಿ ಕೆ.ಜಿ.ಗೆ 145 ರೂ. ಆಯಿತು, ಸಣ್ಣದೇ ಅಗ್ಗ. ಎಣ್ಣೆ ಪೌಚ್‌ನಲ್ಲೂ ಗ್ರಾಂ ನೋಡಿ. 1 ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಒಂದೇ ಅಳತೆಯ ಪೌಚ್‌ನಲ್ಲಿ ಅದಕ್ಕಿಂತ ಕಡಿಮೆ ಇರಬಹುದು.

ಇರುವ ಹಣದಲ್ಲಿ ಪೌಷ್ಟಿಕ ಊಟ

ಹಣ ಕಡಿಮೆ ಇದ್ದಾಗ ಹೊಟ್ಟೆ ತುಂಬಿಸುವುದಕ್ಕಿಂತ ಕಷ್ಟ ಪ್ರೋಟೀನ್ ಹೊಂದಿಸುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, 2,000 ಕ್ಯಾಲೊರಿಯ ದಿನದ ಊಟದಲ್ಲಿ ಸುಮಾರು 250 ಗ್ರಾಂ ಧಾನ್ಯ ಮತ್ತು 85 ಗ್ರಾಂ ಬೇಳೆಕಾಳು (ಅಥವಾ ಮೊಟ್ಟೆ, ಮೀನು, ಮಾಂಸ) ಇರಲಿ ಎನ್ನುತ್ತದೆ. ಅನ್ನ ಹೆಚ್ಚಾಗಿ, ಸಾರು ನೀರಾದ ಊಟ ಇದರಿಂದ ಬಹಳ ದೂರ.

20 ಗ್ರಾಂ ಪ್ರೋಟೀನಿಗೆ ಎಷ್ಟು ಹಣ ಬೇಕು ಎಂದು ನೋಡೋಣ. ಕೆಳಗಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಅಂಗಡಿಯ ದರ ಹಾಕಿ ನೋಡಿ.

- ಹುರುಳಿಕಾಳು (ಕೆ.ಜಿ.ಗೆ 90 ರೂ.): ಸುಮಾರು 92 ಗ್ರಾಂ, 8 ರೂ.
- ತೊಗರಿಬೇಳೆ (ಕೆ.ಜಿ.ಗೆ 130 ರೂ.): ಸುಮಾರು 91 ಗ್ರಾಂ, 12 ರೂ.
- ಮೊಟ್ಟೆ (ಒಂದಕ್ಕೆ 7 ರೂ.): 3 ಮೊಟ್ಟೆ, 21 ರೂ.
- ಟೋನ್ಡ್ ಹಾಲು (ಲೀಟರಿಗೆ 46 ರೂ.): ಸುಮಾರು 625 ಮಿ.ಲೀ., 29 ರೂ.
- 100 ಗ್ರಾಂಗೆ 7 ಗ್ರಾಂ ಪ್ರೋಟೀನ್ ಇರುವ ಮಾಲ್ಟ್ ಪುಡಿ (ಕೆ.ಜಿ.ಗೆ 400 ರೂ.): ಸುಮಾರು 285 ಗ್ರಾಂ, 114 ರೂ.

ಮೊಟ್ಟೆ, ಹಾಲಿನ ಪ್ರೋಟೀನ್ ಗುಣದಲ್ಲಿ ಮೇಲು. ಆದರೆ ಕಾಳನ್ನು ಅನ್ನ ಅಥವಾ ಮುದ್ದೆಯ ಜೊತೆ ತಿಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಮುದ್ದೆ, ಹುರುಳಿಕಾಳು ಬಸ್ಸಾರು ಬಡವರ ಊಟ ಎಂದು ಕೀಳಾಗಿ ಕಾಣಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10 ಮಿ.ಗ್ರಾಂ ಕೂಡ ಇಲ್ಲ.

ಹಾಗಾಗಿ ಉಪ್ಪು, ಸಕ್ಕರೆ, ರವೆ, ಅಕ್ಕಿ, ಬೇಳೆಯಲ್ಲಿ ಅಗ್ಗದ ಬ್ರಾಂಡ್ ಕೊಂಡು ಉಳಿಸಿದ ಹಣವನ್ನು ಕಾಳು, ಮೊಟ್ಟೆ, ಸೊಪ್ಪಿಗೆ ಹಾಕುವುದು ಜಾಣತನ.

ಫಾರ್ವರ್ಡ್ ಮಾಡುವ ಮುನ್ನ

ಕಲಬೆರಕೆ ಇದೆ ಎಂಬ ಸಂದೇಶ ಬಂದರೆ ಮೂರು ವಿಷಯ ನೋಡಿ. ಯಾವ ಬ್ರಾಂಡ್, ಯಾವ ಬ್ಯಾಚ್ ಎಂದು ಹೇಳಿದ್ದಾರೆಯೇ? ಪರೀಕ್ಷೆ ಮಾಡಿದ್ದು ಪ್ರಯೋಗಾಲಯವೋ, ಅಡುಗೆಮನೆಯ ವಿಡಿಯೊವೋ? ಕೊನೆಯಲ್ಲಿ ಬೇರೆ ದುಬಾರಿ ಬ್ರಾಂಡ್ ಕೊಳ್ಳಿ ಎಂದಿದೆಯೇ? ಉತ್ತರ ತೃಪ್ತಿ ತರದಿದ್ದರೆ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿ.

ನಿಮ್ಮ ಪ್ಯಾಕೆಟ್ ಮೇಲೆ ನಿಜಕ್ಕೂ ಅನುಮಾನ ಇದ್ದರೆ ಗ್ರೂಪ್‌ಗೆ ಹಾಕುವ ಬದಲು ದೂರು ಕೊಡಿ. ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗೆ ಇರುವ 14 ಅಂಕಿಯ ಲೈಸೆನ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಪ್ಯಾಕೆಟ್ ಮತ್ತು ಬಿಲ್ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಮೂಲಕವೂ ದೂರು ನೀಡಬಹುದು.

ಒಟ್ಟಿನಲ್ಲಿ, "ಅಗ್ಗವಾದದ್ದೆಲ್ಲ ಕಲಬೆರಕೆ" ಎಂಬ ಹೇಳಿಕೆ ಸುಳ್ಳು. ಅದನ್ನು ನಂಬಿ ಹೆಚ್ಚು ನಷ್ಟ ಅನುಭವಿಸುವುದು ತಿಂಗಳ ಕೊನೆಗೆ ಹತ್ತಿಪ್ಪತ್ತು ರೂಪಾಯಿಯನ್ನೂ ಎಣಿಸಿ ಖರ್ಚು ಮಾಡುವ ಮನೆಗಳು.