ಮಾಣಾ: ಕಣಿವೆ ಹಾದಿಯ ಒಂದು ಊರು

ಬದರೀನಾಥದಿಂದ ಉತ್ತರಕ್ಕೆ ಮೂರು ಕಿಲೋಮೀಟರು ಸಾಗಿದರೆ ಮಾಣಾ ಗ್ರಾಮ ಎದುರಾಗುತ್ತದೆ. ಉತ್ತರಾಖಂಡದ ಚಮೋಲಿ ಜಿಲ್ಲೆಗೆ ಸೇರಿದ ಈ ಊರು ಸಮುದ್ರಮಟ್ಟದಿಂದ ಸುಮಾರು 3,200 ಮೀಟರ್ ಎತ್ತರದಲ್ಲಿದೆ. ಸರಸ್ವತಿಯೆಂಬ ತೊರೆ ಅಲಕನಂದೆಯನ್ನು ಕೂಡುವ ಕೇಶವಪ್ರಯಾಗ ಊರಿನ ಕೆಳಗೇ ಇದೆ. ಬದರಿಯ ಯಾತ್ರಿಕರಲ್ಲಿ ಬಹುಮಂದಿ ದೇವರ ದರ್ಶನ ಮುಗಿಸಿ ಇಲ್ಲಿಗೆ ಬಂದು, ಗುಹೆಗಳನ್ನೂ ಸೇತುವೆಯನ್ನೂ ನೋಡಿ, ಫಲಕವೊಂದರ ಬಳಿ ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಆ ಫಲಕದಲ್ಲಿ ಬಹುಕಾಲ 'ಭಾರತದ ಕೊನೆಯ ಹಳ್ಳಿ' ಎಂಬ ಒಕ್ಕಣೆಯಿತ್ತು. 2022ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ ಪ್ರಧಾನಮಂತ್ರಿಗಳು ಗಡಿಯ ಹಳ್ಳಿಗಳನ್ನು ಮೊದಲ ಹಳ್ಳಿಗಳೆಂದು ಕರೆಯಬೇಕೆಂದರು. 2023ರಲ್ಲಿ ಫಲಕವೂ 'ಮೊದಲ ಹಳ್ಳಿ' ಎಂದು ಬದಲಾಯಿತು. ಗೌರವದ ದೃಷ್ಟಿಯಿಂದ ಈ ಬದಲಾವಣೆ ಒಳ್ಳೆಯದೇ. ಆದರೆ ಮೊದಲು, ಕೊನೆ ಎಂಬ ಎರಡು ಮಾತುಗಳೂ ಗಡಿರೇಖೆಯೊಂದು ಮುಚ್ಚಿದ ಮೇಲೆ ಹುಟ್ಟಿದವು. ಅದಕ್ಕೆ ಹಿಂದಿನ ಹಲವು ಶತಮಾನಗಳಲ್ಲಿ ಮಾಣಾ ಒಂದು ಹೆದ್ದಾರಿಯ ನಡುವಣ ಊರಾಗಿತ್ತು. ಈ ಸಂಗತಿ ಅಲ್ಲಿನ ಯಾವ ಫಲಕದಿಂದಲೂ ತಿಳಿಯುವುದಿಲ್ಲ.

ಊರಿನ ರಚನೆಯನ್ನು ಗಮನವಿಟ್ಟು ನೋಡಬೇಕು. ಕಲ್ಲು ಮತ್ತು ಮರದ ಒತ್ತೊತ್ತಾದ ಮನೆಗಳು, ನಡುವೆ ಏರುತ್ತ ಹೋಗುವ ಕಿರುದಾರಿಗಳು, ಜಗಲಿಯ ಬಿಸಿಲಿನಲ್ಲಿ ಉಣ್ಣೆ ನೂಲುವ, ಟೊಪ್ಪಿಗೆ ಹೆಣೆಯುವ ಹೆಂಗಸರು. ಏರುದಾರಿಯಲ್ಲಿ ಮೊದಲು ಗಣೇಶಗುಹೆ, ಇನ್ನೂ ಮೇಲೆ ವ್ಯಾಸಗುಹೆ. ವ್ಯಾಸಗುಹೆಯ ನೆತ್ತಿಯ ಬಂಡೆ ಪದರಪದರವಾಗಿದ್ದು ಓಲೆಗರಿಯ ಕಟ್ಟನ್ನು ಹೋಲುವುದರಿಂದ ಅದಕ್ಕೆ 'ವ್ಯಾಸಪೋಥಿ' ಎಂಬ ಹೆಸರಿದೆ. ವ್ಯಾಸರು ಮೇಲಿನ ಗುಹೆಯಲ್ಲಿ ಕುಳಿತು ಭಾರತವನ್ನು ಹೇಳುತ್ತಿದ್ದರೆಂದೂ ಗಣಪತಿ ಕೆಳಗಿನ ಗುಹೆಯಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದನೆಂದೂ ಸ್ಥಳೀಯರು ಹೇಳುತ್ತಾರೆ. ಸರಸ್ವತಿಯ ಭೋರ್ಗರೆತ ಬರವಣಿಗೆಗೆ ಅಡ್ಡಿಯಾಯಿತೆಂದು ಶಾಪ ಬಿದ್ದಿತಂತೆ, ಆದ್ದರಿಂದಲೇ ಆ ನದಿ ಇಲ್ಲಿಂದ ಮುಂದೆ ಕಾಣಿಸದಂತೆ.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ನೆನೆಯುವುದು ಉಚಿತ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ ಆದಿಪರ್ವವನ್ನು ಸಂಪಾದಿಸಿದ ವಿ. ಎಸ್. ಸುಕ್ಥಂಕರ್ ಅವರು ಗಣಪತಿ ಲಿಪಿಕಾರನಾದ ಪ್ರಸಂಗವನ್ನು ಮೂಲಪಾಠಕ್ಕೆ ಸೇರಿಸದೆ, ಪ್ರಕ್ಷಿಪ್ತವೆಂದು ಅನುಬಂಧಕ್ಕೆ ಸರಿಸಿದ್ದಾರೆ. ಹಸ್ತಪ್ರತಿಗಳ ಸಾಕ್ಷ್ಯ ಅವರನ್ನು ಆ ನಿರ್ಣಯಕ್ಕೆ ಒಯ್ದಿತು. ಅಂದರೆ ಮಾಣಾದ ಗಣೇಶಗುಹೆ ನೆಲೆಗೊಂಡಿರುವುದು ಮಹಾಭಾರತದ ಹಳೆಯ ಪದರದ ಮೇಲಲ್ಲ, ಆಮೇಲೆ ಬೆಳೆದ ಪದರದ ಮೇಲೆ. ಇದರಿಂದ ಸ್ಥಳದ ಮಹಿಮೆ ಕಡಿಮೆಯಾಗುವುದೆಂದು ನಾನು ತಿಳಿಯುವುದಿಲ್ಲ. ಜನ ಯಾವ ಕಥೆಯನ್ನು ಎಲ್ಲಿ ನೆಲೆಗೊಳಿಸಿದರು ಎಂಬುದೂ ಚರಿತ್ರೆಯೇ. ಸಂಶೋಧಕನು ಎರಡು ಪದರಗಳನ್ನು ಬೆರೆಸದಿದ್ದರೆ ಸಾಕು. ಇದೇ ಎಚ್ಚರಿಕೆ ನದಿಯ ವಿಷಯದಲ್ಲೂ ಬೇಕು: ಮಾಣಾದ ಸರಸ್ವತಿಯನ್ನು ಋಗ್ವೇದದ ಸರಸ್ವತಿಯೊಡನೆ ಹೆಸರಿನ ಸಾಮ್ಯವೊಂದರಿಂದಲೇ ಸಮೀಕರಿಸುವಂತಿಲ್ಲ.

ಗುಹೆಗಳಿಂದ ಮುಂದೆ ಸರಸ್ವತಿ ಕಡಿದಾದ ಕೊರಕಲೊಂದರಲ್ಲಿ ನುಗ್ಗುತ್ತದೆ. ಎರಡು ದಡಗಳ ಮೇಲೆ ಅಡ್ಡಲಾಗಿ ಕೂತ ಹೆಬ್ಬಂಡೆಯೇ ಭೀಮಸೇತುವೆ, ಸ್ಥಳೀಯರ ಮಾತಿನಲ್ಲಿ ಭೀಮ್ ಪುಲ್. ನೀರಿನ ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಮಹಾಪ್ರಸ್ಥಾನಕ್ಕೆ ಹೊರಟ ಪಾಂಡವರ ಜೊತೆಯಲ್ಲಿದ್ದ ದ್ರೌಪದಿ ಈ ಹೊಳೆಯನ್ನು ದಾಟಲಾರದೆ ನಿಂತಾಗ ಭೀಮನು ಬಂಡೆಯನ್ನು ಎತ್ತಿಟ್ಟನೆಂಬುದು ಕಥೆ. ಆದರೆ ಮಹಾಪ್ರಾಸ್ಥಾನಿಕ ಪರ್ವವನ್ನು ತೆರೆದು ನೋಡಿದರೆ ಈ ಹೊಳೆಯೂ ಇಲ್ಲ, ಬಂಡೆಯೂ ಇಲ್ಲ. ಪಾಂಡವರು ಹಿಮವಂತವನ್ನು ದಾಟಿ ಮರಳಿನ ಕಡಲನ್ನೂ ಅದರಾಚೆ ಮೇರುಪರ್ವತವನ್ನೂ ಕಾಣುತ್ತಾರೆ. ಆಮೇಲೆ ದ್ರೌಪದಿ ಮೊದಲಾಗಿ ಒಬ್ಬೊಬ್ಬರೇ ಬೀಳುತ್ತಾರೆ. ಭೀಮನು 'ಇವಳೇಕೆ ಬಿದ್ದಳು' ಎಂದು ಕೇಳುತ್ತಾನೆಯೇ ಹೊರತು ಎತ್ತಿಕೊಳ್ಳುವುದಿಲ್ಲ. ಗ್ರಂಥದ ನಿರ್ದಯವಾದ ನಡೆಗೆ ಹಳ್ಳಿಯ ಕಥೆ ಸೇರಿಸಿದ್ದು ಒಂದು ಸೇತುವೆಯನ್ನು. ಹೊಳೆ ದಾಟುವ ಕಷ್ಟ ದಿನನಿತ್ಯ ಬಲ್ಲ ಜನ ಕಟ್ಟಿದ ಕಥೆಯಿದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕನ್ನಡದ ಓದುಗನಿಗೆ ಈ ಕೊನೆಯ ಯಾತ್ರೆ ತಡವಾಗಿ ಒದಗಿತು. ಪಂಪನ ವಿಕ್ರಮಾರ್ಜುನ ವಿಜಯ ಅರ್ಜುನನ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ. ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಮಾತ್ರ ಹಾಡಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಇತ್ತ ಜೈನ ಪರಂಪರೆಯಲ್ಲಿ ಪಾಂಡವರ ಕೊನೆಯ ದಾರಿ ಹಿಮಾಲಯದ ಕಡೆಗೆ ತಿರುಗುವುದೇ ಇಲ್ಲ. ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಪೂರ್ಣಗೊಂಡ ಜಿನಸೇನರ ಸಂಸ್ಕೃತ ಹರಿವಂಶಪುರಾಣದಲ್ಲಿ ಪಾಂಡವರು ದೀಕ್ಷೆ ಪಡೆದು ಸೌರಾಷ್ಟ್ರದ ಶತ್ರುಂಜಯಗಿರಿಯಲ್ಲಿ ತಪಸ್ಸಿಗೆ ನಿಲ್ಲುತ್ತಾರೆ. ಯುಧಿಷ್ಠಿರ, ಭೀಮ, ಅರ್ಜುನರು ಅಲ್ಲಿಯೇ ಮುಕ್ತರಾಗುತ್ತಾರೆ, ನಕುಲ ಸಹದೇವರು ಸರ್ವಾರ್ಥಸಿದ್ಧಿಯನ್ನು ಪಡೆಯುತ್ತಾರೆ. ಒಂದೇ ಕಥಾನಾಯಕರ ಅಂತ್ಯಕ್ಕೆ ಎರಡು ಬೆಟ್ಟಗಳು, ಎರಡು ಭೂಪಟಗಳು. ಯಾವುದು ನಿಜವೆಂಬ ಪ್ರಶ್ನೆ ಇಲ್ಲಿ ಸಲ್ಲದು. ಭಾರತದ ಕಥೆಯನ್ನು ಯಾವ ಸಮುದಾಯ ಯಾವ ನೆಲಕ್ಕೆ ತಂದು ನಿಲ್ಲಿಸಿತೆಂಬುದನ್ನು ತೌಲನಿಕವಾಗಿ ನೋಡಬಯಸುವವರು ಶತ್ರುಂಜಯ, ಮಾಣಾಗಳನ್ನು ಜೊತೆಗಿಟ್ಟು ನೋಡಬಹುದು.

ಸೇತುವೆ ದಾಟಿದವರಿಗೆ ಸುಮಾರು ಐದು ಕಿಲೋಮೀಟರು ನಡಿಗೆಯ ದೂರದಲ್ಲಿ ವಸುಧಾರಾ ಜಲಪಾತ ಸಿಗುತ್ತದೆ. ಸುಮಾರು 400 ಅಡಿ ಎತ್ತರದಿಂದ ಬೀಳುವ ನೀರು ಗಾಳಿ ಬೀಸಿದಾಗ ನೆಲ ಮುಟ್ಟುವ ಮೊದಲೇ ಹನಿಯಾಗಿ ಚೆದುರುತ್ತದೆ. ಪಾಪಿಗಳ ಮೇಲೆ ಆ ಹನಿ ಬೀಳುವುದಿಲ್ಲವೆಂಬ ಮಾತಿದೆ. ಗಾಳಿಯ ದಿಕ್ಕು ನೋಡಿ ನಿಂತರೆ ಯಾರಿಗೂ ಆ ಭಯವಿಲ್ಲ. ಎದುರಿಗೆ ಅಲಕನಂದೆಯ ಹುಟ್ಟುನೆಲೆ: ಚೌಖಂಬಾ ಶಿಖರಗಳ ಪೂರ್ವದ ಮಗ್ಗುಲಲ್ಲಿ ಸತೋಪಂಥ, ಭಾಗೀರಥ ಖರಕ್ ಎಂಬ ಎರಡು ಹಿಮನದಿಗಳು. ಅವುಗಳ ಬಾಯಿಯ ಬಳಿಯ ಪ್ರದೇಶವನ್ನು ಅಲಕಾಪುರಿ ಎನ್ನುತ್ತಾರೆ. ಮೇಘದೂತದ ಯಕ್ಷನ ಅಲಕೆಯನ್ನು ಇಲ್ಲಿಯೇ ಗುರುತಿಸುವ ಉತ್ಸಾಹಿಗಳಿದ್ದಾರೆ, ಆದರೆ ಕಾಳಿದಾಸನ ಅಲಕೆ ಇರುವುದು ಕೈಲಾಸದ ಮಡಿಲಲ್ಲಿ. ನದಿಯ ಇನ್ನೊಂದು ದಡದಲ್ಲಿ, ಸತೋಪಂಥ ಸರೋವರಕ್ಕೆ ಏರುವ ಹಾದಿಯಲ್ಲಿ, ಲಕ್ಷ್ಮೀವನವೆಂಬ ಭೂರ್ಜವೃಕ್ಷಗಳ ತೋಪಿದೆ. ಓಲೆಗರಿಯ ನಾಡಿನಿಂದ ಬಂದ ನಮಗೆ ಭೂರ್ಜಪತ್ರವೆಂಬುದು ಗ್ರಂಥಸಂಪಾದನೆಯ ಪುಸ್ತಕಗಳಲ್ಲಿ ಓದಿದ ಪದ. ಕಾಗದದಂತೆ ಸುಲಿದು ಬರುವ ಆ ತೊಗಟೆಯನ್ನು ಮರದ ಮೇಲೆಯೇ ಕಂಡಾಗ ಉತ್ತರದ ಹಸ್ತಪ್ರತಿಗಳು ಏಕೆ ಹಾಗಿವೆ ಎಂಬುದು ತಾನೇ ತಿಳಿಯುತ್ತದೆ.

ಈ ಎಲ್ಲ ಪ್ರಸಿದ್ಧ ತಾಣಗಳ ನಡುವೆ ಮರೆತುಹೋಗುವುದು ಊರಿನ ಜನ. ಮಾಣಾದ ನಿವಾಸಿಗಳು ಭೋಟಿಯಾ ಸಮುದಾಯದ ಮರ್ಛಾ ಶಾಖೆಯವರು. ಅವರ ಮಾತು ರೋಂಗ್ಪೊ, ಟಿಬೆಟೊ-ಬರ್ಮನ್ ಕುಟುಂಬಕ್ಕೆ ಸೇರಿದ್ದು. ಊರ ಕಾವಲಿನ ದೈವ ಘಂಟಾಕರ್ಣ. ಹರಿವಂಶದಲ್ಲಿ ಕೃಷ್ಣನನ್ನು ಬದರಿಯಲ್ಲಿ ಸಂಧಿಸಿ ಉದ್ಧಾರವಾಗುವ ಪಿಶಾಚನೂ, ಗುಜರಾತಿನ ಮಹುಡಿಯಲ್ಲಿ ಶ್ವೇತಾಂಬರ ಜೈನರು ಪೂಜಿಸುವ ರಕ್ಷಕದೇವತೆಯೂ ಇದೇ ಹೆಸರಿನವರು. ಈ ಮೂವರ ಸಂಬಂಧ ಪ್ರತ್ಯೇಕವಾದ ಲೇಖನಕ್ಕೆ ವಸ್ತು.

ಮಾಣಾದ ಉತ್ತರಕ್ಕೆ, ಸರಸ್ವತಿಯ ಕಣಿವೆಯ ತುದಿಯಲ್ಲಿ, 5,600 ಮೀಟರಿಗೂ ಎತ್ತರದಲ್ಲಿ ಮಾಣಾ ಘಾಟಿಯಿದೆ. ಅದರಾಚೆ ಪಶ್ಚಿಮ ಟಿಬೆಟ್ಟಿನ ಗುಗೆ ನಾಡು. ಬೇಸಿಗೆಯಲ್ಲಿ ಹಿಮ ಕರಗಿದ ಕೆಲವೇ ತಿಂಗಳು ಮರ್ಛಾ ವರ್ತಕರು ಕುರಿ, ಆಡುಗಳ ಬೆನ್ನಿನ ಎರಡೂ ಪಕ್ಕಕ್ಕೆ ಪುಟ್ಟ ಚೀಲ ಹೇರಿ ಈ ಘಾಟಿಯನ್ನು ದಾಟುತ್ತಿದ್ದರು. ಇಲ್ಲಿಂದ ಧಾನ್ಯ, ಬೆಲ್ಲ, ಬಟ್ಟೆ ಹೋಗುತ್ತಿತ್ತು. ಅಲ್ಲಿಂದ ಉಪ್ಪು, ಉಣ್ಣೆ, ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ ಬರುತ್ತಿತ್ತು. ಕಡಲಿನಿಂದ ಬಹುದೂರದ ಗಢವಾಲದ ಬೆಟ್ಟಗಳಿಗೆ ಟಿಬೆಟ್ಟಿನ ಸರೋವರಗಳ ಉಪ್ಪೇ ಆಧಾರ. ಮರಳುಗಾಡಿನಂಥ ಟಿಬೆಟ್ಟಿಗೆ ಕೆಳಗಿನ ಧಾನ್ಯವೇ ಆಧಾರ. ಹಿಮ ಬಿದ್ದಾಗ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಕೆಳಗಿನ ಕಣಿವೆಗೆ ಇಳಿಯುತ್ತಿತ್ತು, ಅಲ್ಲಿ ಚಳಿಗಾಲದ ವ್ಯಾಪಾರ ನಡೆಯುತ್ತಿತ್ತು. ನಮ್ಮ ಜೈನ ಕಥಾಸಾಹಿತ್ಯದಲ್ಲಿ ಅಡಿಗಡಿಗೆ ಬರುವ ಸಾರ್ಥವಾಹರ ಬದುಕಿಗೆ ಇಷ್ಟು ಹತ್ತಿರದ ಜೀವಂತ ನಿದರ್ಶನ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇಲ್ಲಿತ್ತು.

ಈ ದಾರಿಗೆ 1624ರ ಲಿಖಿತ ಸಾಕ್ಷ್ಯವೊಂದಿದೆ. ಪೋರ್ಚುಗಲ್ಲಿನ ಜೆಸ್ಯೂಟ್ ಪಾದ್ರಿ ಆಂಟೋನಿಯೊ ದೆ ಆಂದ್ರಾದೆ, ಸಂಗಡಿಗ ಮ್ಯಾನುಯೆಲ್ ಮಾರ್ಕೆಸ್‌ನೊಡನೆ ಆ ವರ್ಷದ ಮಾರ್ಚಿ 30ರಂದು ಆಗ್ರಾ ಬಿಟ್ಟು, ಬದರಿಗೆ ಹೊರಟ ಹಿಂದೂ ಯಾತ್ರಿಕರ ಗುಂಪನ್ನು ವೇಷ ಬದಲಿಸಿ ಸೇರಿಕೊಂಡ. ಮಾಣಾ ತಲುಪಿದಾಗ ಘಾಟಿ ಇನ್ನೂ ತೆರೆದಿರಲಿಲ್ಲ. ಹಿಮ ಕರಗುವವರೆಗೆ ಕಾಯಲಾರದೆ ಸ್ಥಳೀಯ ಮಾರ್ಗದರ್ಶಕನೊಬ್ಬನೊಡನೆ ಮೊದಲೇ ಹೊರಟ. ಎದೆಮಟ್ಟದ ಹಿಮದಲ್ಲಿ ಸಿಲುಕಿ, ಬೆರಳುಗಳ ಸ್ಪರ್ಶಜ್ಞಾನ ಕಳೆದುಕೊಂಡು, ಹಿಮದ ಹೊಳಪಿಗೆ ಕಣ್ಣು ಕಾಣದಂತಾಗಿ ಹಿಂದಿರುಗಬೇಕಾಯಿತು. ದಾರಿ ತೆರೆದ ಮೇಲೆ ಮತ್ತೆ ಹೊರಟು ಆಗಸ್ಟಿನಲ್ಲಿ ಗುಗೆಯ ರಾಜಧಾನಿ ತ್ಸಾಪರಾಂಗನ್ನು ಸೇರಿದ. ಅವನ ವರದಿ 1626ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಇತಿಹಾಸಕಾರರು ಇದನ್ನು ಹಿಮಾಲಯ ದಾಟಿ ಟಿಬೆಟ್ಟನ್ನು ಮುಟ್ಟಿದ ಮೊದಲ ಯುರೋಪಿಯನ್ನನ ಸಾಹಸವೆಂದು ವರ್ಣಿಸುತ್ತಾರೆ. ಸರಿ, ಆದರೆ ಘಾಟಿ ಯಾವಾಗ ತೆರೆಯುತ್ತದೆಂಬುದನ್ನು ಬಲ್ಲವರು ಮಾಣಾದವರು. ಅವರ ಲೆಕ್ಕವನ್ನು ಮೀರಿದಾಗ ಅವನು ಸೋತ, ಅನುಸರಿಸಿದಾಗ ಗೆದ್ದ.

ದಕ್ಷಿಣದವರಿಗೂ ಈ ಎತ್ತರ ಅಪರಿಚಿತವಾಗಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿ ಸೀಮೆಯ ಮಧ್ವಾಚಾರ್ಯರು ಬದರಿಗೆ ಹೋಗಿ, ಅಲ್ಲಿಂದ ಮೇಲಿನ ವ್ಯಾಸಾಶ್ರಮಕ್ಕೆ ಒಬ್ಬರೇ ತೆರಳಿದರೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯ ವರ್ಣಿಸುತ್ತದೆ. ಆ ಆಶ್ರಮವನ್ನು ಕಾವ್ಯ ಮನುಷ್ಯರಿಗೆ ಸುಲಭವಾಗಿ ಎಟುಕದ ಲೋಕವೆಂಬಂತೆ ಚಿತ್ರಿಸುವುದರಿಂದ ಅದನ್ನು ಮಾಣಾದ ಗುಹೆಗೆ ನೇರವಾಗಿ ಹೊಂದಿಸುವುದು ಆತುರವಾದೀತು.

1954ರ ಏಪ್ರಿಲ್ 29ರ ಭಾರತ-ಚೀನಾ ಒಪ್ಪಂದ ಪಂಚಶೀಲಕ್ಕಾಗಿ ಪ್ರಸಿದ್ಧ. ಅದು ಮೂಲತಃ ಟಿಬೆಟ್ಟಿನೊಡನೆ ವ್ಯಾಪಾರ, ಯಾತ್ರೆಗಳ ಕುರಿತ ಒಪ್ಪಂದವೆಂಬುದನ್ನು ಅನೇಕರು ಮರೆಯುತ್ತಾರೆ. ಅದರಲ್ಲಿ ಹೆಸರಿಸಿದ ಆರು ಘಾಟಿಗಳಲ್ಲಿ ಶಿಪ್ಕಿಯ ಬಳಿಕ ಮಾಣಾದ ಹೆಸರಿದೆ. ಅವಧಿ ಎಂಟು ವರ್ಷ. 1962ರ ಜೂನಿನಲ್ಲಿ ಅದು ನವೀಕರಣವಾಗದೆ ಮುಗಿಯಿತು. ಅಕ್ಟೋಬರಿನಲ್ಲಿ ಯುದ್ಧ ಬಂತು. ಆ ವರ್ಷದಿಂದ ಮಾಣಾ 'ಕೊನೆಯ ಹಳ್ಳಿ'ಯಾಯಿತು. ಕುರಿಮಂದೆ ಇಳಿದುಹೋಯಿತು, ಆಲೂಗಡ್ಡೆ, ಉಣ್ಣೆಯ ಬಟ್ಟೆ, ಯಾತ್ರಿಕರ ಚಹಾ ಜೀವನಾಧಾರವಾದವು. 1967ರಲ್ಲಿ ಭೋಟಿಯಾ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತು, ಓದಿದ ಮಕ್ಕಳು ಉದ್ಯೋಗಗಳತ್ತ ಹೋದರು.

ಹಳೆಯ ಉಣ್ಣೆಯ ಸಂಬಂಧ ಒಂದೆಡೆ ಮಾತ್ರ ಕಡಿಯದೆ ಉಳಿದಿದೆ. ನವೆಂಬರಿನಲ್ಲಿ ಬದರಿಯ ಬಾಗಿಲು ಮುಚ್ಚುವ ದಿನ ದೇವರಿಗೆ ತುಪ್ಪದಲ್ಲಿ ಅದ್ದಿದ ಕಂಬಳಿಯನ್ನು ಹೊದಿಸುತ್ತಾರೆ. ಆ ಘೃತಕಂಬಳವನ್ನು ನೇಯುವ ಹಕ್ಕು ಮಾಣಾದ ಹೆಣ್ಣುಮಕ್ಕಳದು. ಪೂಜೆ ಮಾಡುವ ರಾವಲರು ಕೇರಳದ ನಂಬೂದಿರಿಗಳು, ಹೊದಿಕೆ ಕೊಡುವವರು ಟಿಬೆಟ್ಟಿನ ಅಂಚಿನ ನೇಕಾರ್ತಿಯರು. ಆಮೇಲೆ ಊರು ಖಾಲಿಯಾಗುತ್ತದೆ, ಜನ ಚಮೋಲಿ, ಗೋಪೇಶ್ವರದ ಸುತ್ತಣ ಚಳಿಗಾಲದ ಮನೆಗಳಿಗೆ ಇಳಿಯುತ್ತಾರೆ. ಹಿಮದಲ್ಲಿ ಉಳಿಯುವವರು ಸೈನಿಕರು ಮತ್ತು ಗಡಿರಸ್ತೆಯ ಕೂಲಿಗಳು. 2025ರ ಫೆಬ್ರವರಿ 28ರಂದು ಮಾಣಾದ ಬಳಿ ಹಿಮಪಾತ ಕುಸಿದು ರಸ್ತೆ ಕಾರ್ಮಿಕರ ಬಿಡಾರಗಳನ್ನು ಮುಚ್ಚಿತು. ಅಲ್ಲಿದ್ದ 54 ಮಂದಿಯಲ್ಲಿ 46 ಜನರನ್ನು ಉಳಿಸಲಾಯಿತು, 8 ಜನ ಸತ್ತರು.

1962ರ ಬೇಸಿಗೆಯಲ್ಲಿ ಇಪ್ಪತ್ತು ವರ್ಷದವರಾಗಿದ್ದು ತಂದೆಯ ಜೊತೆ ಘಾಟಿ ದಾಟಿದವರಿಗೆ ಈಗ ಎಂಬತ್ತು ಮೀರಿದೆ. ಯಾವ ಬಂಡೆಯ ಬುಡದಲ್ಲಿ ರಾತ್ರಿ ತಂಗಬೇಕು, ಯಾವ ತಿಂಗಳ ಹಿಮ ಕುರಿಯ ಕಾಲನ್ನು ತಾಳುತ್ತದೆ, ಟಿಬೆಟ್ಟಿನ ವರ್ತಕನೊಡನೆ ಉಪ್ಪಿನ ಬೆಲೆಯನ್ನು ಯಾವ ಮಾತಿನಲ್ಲಿ ಕುದುರಿಸಬೇಕು ಎಂಬ ತಿಳಿವಳಿಕೆ ರೋಂಗ್ಪೊ ಭಾಷೆಯಲ್ಲಿ ಅವರ ನಾಲಗೆಯ ಮೇಲಿದೆ. ಆ ಭಾಷೆಗೆ ಸ್ವಂತ ಲಿಪಿಯಿಲ್ಲ. ಗುಹೆಯ ಕಥೆಯನ್ನು ಹೇಳಲು ಮಾಣಾದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಅಲ್ಲಿಗೆ ಹೋಗುವ ಸಂಶೋಧನ ವಿದ್ಯಾರ್ಥಿಗಳು ನವೆಂಬರಿಗೆ ಮೊದಲೇ ತಲುಪಿ, ಜಗಲಿಯಲ್ಲಿ ಕುಳಿತ ಹಿರಿಯರನ್ನು ಉಪ್ಪಿನ ಬಗ್ಗೆ ಕೇಳಬೇಕು.