ಮಗಳ ಹೆಸರಿನ ಉಗ್ರಾಣ

ಅಂಗಡಿ ತೆರೆಯುವವನಿಗೆ ಮೊದಲು ಉಗ್ರಾಣದ ಚಿಂತೆ. ಅಂತರಜಾಲದಲ್ಲಿ ಹೊಸ ಸೇವೆ ಆರಂಭಿಸುವವರ ಪಾಡೂ ಅದೇ. ಗ್ರಾಹಕರ ಹೆಸರು, ಸರಕಿನ ಬೆಲೆ, ಹಣದ ಲೆಕ್ಕ ಎಲ್ಲವನ್ನೂ ಜೋಡಿಸಿಟ್ಟು, ಕೇಳಿದ ಕ್ಷಣ ತೆಗೆದುಕೊಡುವ ಉಗ್ರಾಣವೇ ಡಾಟಾಬೇಸ್. ಅದನ್ನು ಆರಿಸುವಾಗ ವೇಗ, ಖರ್ಚುಗಳನ್ನು ಎಲ್ಲರೂ ವಿಚಾರಿಸುತ್ತಾರೆ. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವವರು ಕಡಿಮೆ.

ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಸಿದ್ಧಾಂತವನ್ನು 1970ರಲ್ಲಿ ಮಂಡಿಸಿದವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ಆ ಕೋಷ್ಟಕಗಳನ್ನು ಪ್ರಶ್ನಿಸುವ ಎಸ್‌ಕ್ಯುಎಲ್ ಭಾಷೆಯೂ ಆ ಸಂಸ್ಥೆಯಲ್ಲೇ ಹುಟ್ಟಿತು. 1995ರಲ್ಲಿ ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಇಬ್ಬರು ಗೆಳೆಯರೊಡಗೂಡಿ ಇದೇ ಭಾಷೆಯ ‘ಮೈಎಸ್‌ಕ್ಯುಎಲ್’ ಹೊರತಂದರು. ಹೆಸರಿನ ಮೊದಲಿಗಿರುವ ‘ಮೈ’ ಅವರ ಹಿರಿಯ ಮಗಳದು. 2000ದಲ್ಲಿ ಅದು ಜಿಪಿಎಲ್ ಪರವಾನಗಿಗೆ ಒಳಪಟ್ಟಿತು. ಅದರಂತೆ ತಂತ್ರಾಂಶದ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದ್ದೂ ಅದೇ ಷರತ್ತಿಗೆ ಒಳಪಡಬೇಕು. ವಿಕಿಪೀಡಿಯದಂಥ ದೊಡ್ಡ ತಾಣಗಳು ಇದನ್ನೇ ನೆಚ್ಚಿಕೊಂಡವು.

2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸುಮಾರು 100 ಕೋಟಿ ಡಾಲರ್ ಕೊಟ್ಟು ಮೈಎಸ್‌ಕ್ಯುಎಲ್ ಸಂಸ್ಥೆಯನ್ನು ಕೊಂಡಿತು. 2010ರ ಜನವರಿಯಲ್ಲಿ ಸನ್ ಸಂಸ್ಥೆಯೇ ಒರೇಕಲ್‌ನ ಪಾಲಾಯಿತು. ಒರೇಕಲ್ ಬೆಳೆದದ್ದೇ ಡಾಟಾಬೇಸ್ ಮಾರಿ. ಎದುರು ಅಂಗಡಿಯವನ ಕೈಗೆ ಉಗ್ರಾಣ ಹೋದರೆ ಗತಿಯೇನು ಎಂಬ ಅಳುಕು ಬಳಕೆದಾರರಲ್ಲಿ ಹುಟ್ಟಿದ್ದು ಸಹಜ.

ಆ ವ್ಯಾಪಾರ ಮುಗಿಯುವವರೆಗೆ ವಿಡೇನಿಯಸ್ ಕಾಯಲಿಲ್ಲ. ಪರವಾನಗಿ ಕೊಟ್ಟಿದ್ದ ಹಕ್ಕಿನ ಬಲದಿಂದಲೇ 2009ರಲ್ಲಿ ಮೂಲ ಬರಹವನ್ನು ನಕಲು ಮಾಡಿಕೊಂಡು ಬೇರೆ ಕವಲು ತೆಗೆದರು. ಅದಕ್ಕೆ ಕಿರಿಯ ಮಗಳು ಮರಿಯಾಳ ಹೆಸರಿಟ್ಟರು: ‘ಮರಿಯಾಡಿಬಿ’. 2013ರಲ್ಲಿ ವಿಕಿಪೀಡಿಯ ಈ ಹೊಸ ಮನೆಗೆ ಬಂದಿತು. ಎರಡರ ನಡುವೆ ಹೋಲಿಕೆ ಹೆಚ್ಚಾಗಿದ್ದರಿಂದ ಸಾಮಾನು ಸಾಗಿಸುವ ಕಷ್ಟ ಕಡಿಮೆಯಾಯಿತು. ಭಯಪಟ್ಟಂತೆ ಮೈಎಸ್‌ಕ್ಯುಎಲ್ ಕಣ್ಮರೆಯಾಗಲಿಲ್ಲ. ಒರೇಕಲ್ ಅದರ ಹೊಸ ಆವೃತ್ತಿಗಳನ್ನು ಹೊರತರುತ್ತಲೇ ಬಂದಿತು.

1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೊದಲಾದ ಪೋಸ್ಟ್‌ಗ್ರೆಸ್ ಇನ್ನೊಂದು ದಾರಿ ಹಿಡಿಯಿತು. 1996ರಿಂದ ‘ಪೋಸ್ಟ್‌ಗ್ರೆಸ್‌ಕ್ಯುಎಲ್’ ಎನಿಸಿಕೊಂಡ ಅದಕ್ಕೆ ಒಬ್ಬನೇ ಒಡೆಯನಿಲ್ಲ. ಹಲವು ದೇಶಗಳ ತಂತ್ರಜ್ಞರು ಕೂಡಿ ಅದನ್ನು ಬೆಳೆಸುತ್ತಾರೆ.

ಹೊಸ ಸೇವೆ ಕಟ್ಟುವವರು ಯಾವುದನ್ನು ಮೆಚ್ಚಿದರೂ ಎರಡು ಎಚ್ಚರಿಕೆ ಒಳ್ಳೆಯದು. ಡಾಟಾಬೇಸಿನ ವಿಳಾಸ, ಗುಪ್ತಪದಗಳನ್ನು ಕಾರ್ಯಕ್ರಮದೊಳಗೆ ಹುದುಗಿಸದೆ ಬೇರೆಯಾಗಿ ಇಡಬೇಕು. ದಾಸ್ತಾನಿನ ಪ್ರತಿಯನ್ನು ಆಗಾಗ ಹೊರತೆಗೆದು, ಅದು ಮತ್ತೊಂದು ಕಡೆ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಉಗ್ರಾಣದ ಒಡೆಯರು ಬದಲಾಗಬಹುದು. ದವಸ ನಮ್ಮದಾಗಿಯೇ ಉಳಿಯಬೇಕು.