ಗುಂಡಿಯಿಂದ ಅಂಗಡಿಗೆ: ಅಮೆರಿಕದ ಬಾರ್ಬೆಕ್ಯೂಗೆ ಪ್ರದೇಶದ ಹೆಸರು ಅಂಟಿದ ಬಗೆ

1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಒಂದು ಬಾರ್ಬೆಕ್ಯೂ ಹೋಟೆಲಿನ ಮಾಂಸದ ಲೆಕ್ಕ ನೋಡುವ ಪ್ರಸಂಗ ಬಂತು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ 1927ರಿಂದ ನಡೆಯುತ್ತಿದ್ದ ‘ಆಲೀಸ್ ಬಾರ್ಬೆಕ್ಯೂ’ ಒಂದು ಕುಟುಂಬದ ಹೋಟೆಲು. 220 ಮಂದಿ ಕೂರುವಷ್ಟು ಜಾಗವಿತ್ತು. ಕಪ್ಪು ಜನಾಂಗದವರಿಗೆ ಮಾತ್ರ ಒಳಗೆ ಕೂರುವ ಅವಕಾಶವಿರಲಿಲ್ಲ, ಕಟ್ಟಿಸಿಕೊಂಡು ಹೋಗಬಹುದಿತ್ತು. ತಮ್ಮದು ಊರಮಟ್ಟದ ವ್ಯಾಪಾರ, ಆ ವರ್ಷವಷ್ಟೇ ಜಾರಿಗೆ ಬಂದ ನಾಗರಿಕ ಹಕ್ಕುಗಳ ಕಾಯಿದೆಯನ್ನು ತಮ್ಮ ಮೇಲೆ ಹೇರಲು ಒಕ್ಕೂಟ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದು ಮಾಲೀಕರು ವಾದಿಸಿದರು. ಲೆಕ್ಕ ಬೇರೆಯದನ್ನೇ ಹೇಳಿತು. ಹಿಂದಿನ 12 ತಿಂಗಳಲ್ಲಿ ಹೋಟೆಲು ಕೊಂಡಿದ್ದ ಸುಮಾರು 1,50,000 ಡಾಲರಿನ ಸರಕಿನಲ್ಲಿ 69,683 ಡಾಲರಿನದು ಮಾಂಸ. ಅದನ್ನು ಒದಗಿಸಿದವನು ಊರಿನ ವ್ಯಾಪಾರಿಯೇ ಆಗಿದ್ದರೂ ಅವನು ತರಿಸುತ್ತಿದ್ದುದು ಹೊರರಾಜ್ಯದಿಂದ. ಡಿಸೆಂಬರ್ 14ರಂದು ನ್ಯಾಯಾಲಯ ಸರ್ವಾನುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು.

ಕಾನೂನಿನ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಈ ಮೊಕದ್ದಮೆಯನ್ನು ಆಹಾರದ ಇತಿಹಾಸ ಓದುವವರೂ ಹತ್ತಿರದಿಂದ ನೋಡಬೇಕು. ಬಾರ್ಬೆಕ್ಯೂ ಎಂದೊಡನೆ ಅಮೆರಿಕನ್ನರು ಒಂದು ನಕ್ಷೆ ಬಿಡಿಸುತ್ತಾರೆ: ಪೂರ್ವ ಕ್ಯಾರೊಲೈನಾಕ್ಕೆ ವಿನಿಗರ್, ದಕ್ಷಿಣ ಕ್ಯಾರೊಲೈನಾಕ್ಕೆ ಸಾಸಿವೆ, ಟೆಕ್ಸಸ್‌ಗೆ ದನದ ಎದೆಮಾಂಸ, ಮೆಂಫಿಸ್‌ಗೆ ಒಣಮಸಾಲೆ ಹಚ್ಚಿದ ಪಕ್ಕೆಲುಬು, ಕಾನ್ಸಸ್ ಸಿಟಿಗೆ ಸಿಹಿ ಗಟ್ಟಿ ಸಾಸು. ಪ್ರತಿಯೊಂದೂ ಆಯಾ ಮಣ್ಣಿನಲ್ಲೇ ಹುಟ್ಟಿ ತಲೆಮಾರುಗಳಿಂದ ಹಾಗೇ ಇದೆ ಎಂಬ ನಂಬಿಕೆ ಆ ನಕ್ಷೆಯ ಅಡಿಯಲ್ಲಿದೆ. ನನ್ನ ವಾದ ಇದಕ್ಕೆ ವಿರುದ್ಧ. ಬಾರ್ಬೆಕ್ಯೂ ಹಳೆಯದು, ಅದರ ಪ್ರಾದೇಶಿಕತೆ ಹೊಸದು. 1900ರ ತನಕ ದಕ್ಷಿಣದ ರಾಜ್ಯಗಳಲ್ಲಿ ಇದ್ದದ್ದು ಬಹುಮಟ್ಟಿಗೆ ಒಂದೇ ಕಸುಬು. ಬಯಲಿನ ಕೂಟದ ಅಡುಗೆ ಮಾರಾಟದ ಅಂಗಡಿಗೆ ಬಂದಾಗ ಅದು ಕವಲೊಡೆಯಿತು.

ಮೊದಲು ಆ ಕಸುಬು ಎಂಥದು ಎಂಬುದು. ಬೆಂಗಳೂರಿನ ಹೋಟೆಲುಗಳಲ್ಲಿ ಮೇಜಿನ ನಡುವೆ ಕೆಂಡದ ತೊಟ್ಟಿ ಇಟ್ಟು ಸರಳಿಗೆ ಚುಚ್ಚಿದ ತುಂಡುಗಳನ್ನು ಸುಡುವುದಕ್ಕೆ ನಾವು ಬಾರ್ಬೆಕ್ಯೂ ಎನ್ನುತ್ತೇವೆ. ಕ್ಯಾರೊಲೈನಾದವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಇದು ಬರಿಯ ಗ್ರಿಲ್. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ವರ್ಣಿಸುವ, ಶೂಲಕ್ಕೆ ಚುಚ್ಚಿ ಕೆಂಡದಲ್ಲಿ ಸುಟ್ಟ ಮಾಂಸವೂ ಗ್ರಿಲ್‌ನ ಹತ್ತಿರದ್ದೇ. ಕನ್ನಡದ ಸುಡು, ಹುರಿ, ಕರಿ, ಬೇಯಿಸು ಎಂಬ ನಾಲ್ಕು ಕ್ರಿಯಾಪದಗಳಲ್ಲಿ ಯಾವುದೂ ದಕ್ಷಿಣದ ಬಾರ್ಬೆಕ್ಯೂಗೆ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಉರಿ ಮಾಂಸವನ್ನು ಮುಟ್ಟಬಾರದು. ಉದ್ದನೆಯ ಗುಂಡಿ ತೋಡಿ, ಪಕ್ಕದಲ್ಲಿ ಬೇರೆಯಾಗಿ ಹಿಕರಿ ಅಥವಾ ಓಕ್ ಕಟ್ಟಿಗೆ ಉರಿಸಿ, ಬೂದಿ ಹೊದ್ದ ಕೆಂಡವನ್ನು ಸಲಿಕೆಯಲ್ಲಿ ತಂದು ಗುಂಡಿಯಲ್ಲಿ ಹರಡುತ್ತಾರೆ. ಮೇಲೆ ಹಸಿಕಟ್ಟಿಗೆಯ ಅಡ್ಡಕೋಲುಗಳು, ಅವುಗಳ ಮೇಲೆ ಸೀಳಿದ ಇಡೀ ಹಂದಿ. ಕೆಂಡ ಆರುತ್ತಿದ್ದಂತೆ ಮತ್ತೆ ಸಲಿಕೆ. ಹೀಗೆ ರಾತ್ರಿಯಿಡೀ. ಕರಗಿದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆಯೇ ಮಾಂಸಕ್ಕೆ ರುಚಿ ಹಿಡಿಸುತ್ತದೆ. ಕಡಿಮೆ ಕಾವಿನಲ್ಲಿ ಹತ್ತು ಹನ್ನೆರಡು ಗಂಟೆ ಬಿಟ್ಟರೆ ಗಟ್ಟಿ ಸ್ನಾಯುಗಳ ನಡುವಿನ ಅಂಟುನಾರು ಕರಗಿ ಮಾಂಸ ಬೆರಳಿಗೆ ಬಿಟ್ಟುಕೊಳ್ಳುತ್ತದೆ.

ಹೆಸರು ಕೆರಿಬಿಯನ್ ದ್ವೀಪಗಳ ತಾಯಿನೋ ಜನರದು. ಅವರ ‘ಬಾರ್ಬಕೋವ’ ಎಂದರೆ ಕಂಬಗಳ ಮೇಲಿನ ಕೋಲುಗಳ ಅಟ್ಟ. ಸ್ಪೇನಿನ ಚರಿತ್ರೆಕಾರ ಒವಿಯೆಡೊ 16ನೇ ಶತಮಾನದ ಮೊದಲರ್ಧದಲ್ಲಿ ಈ ಪದವನ್ನು ದಾಖಲಿಸಿದ. ಇಂಥದೇ ಅಟ್ಟದ ಮೇಲೆ ಇಂದಿನ ಉತ್ತರ ಕ್ಯಾರೊಲೈನಾ ಕರಾವಳಿಯ ಮೂಲನಿವಾಸಿಗಳು ಮೀನು ಸುಡುವುದನ್ನು ಜಾನ್ ವೈಟ್ ಎಂಬ ಇಂಗ್ಲಿಷ್ ಚಿತ್ರಕಾರ ಬರೆದ. 1590ರಲ್ಲಿ ಥಿಯೊಡರ್ ಡಿ ಬ್ರಿ ಅದನ್ನು ಕೆತ್ತನೆಯಾಗಿ ಅಚ್ಚು ಮಾಡಿದ. ಹಂದಿ ಬಂದದ್ದು ಯುರೋಪಿನವರ ಜೊತೆ. 1539ರಲ್ಲಿ ಡಿ ಸೋಟೊ ಫ್ಲಾರಿಡಾದಲ್ಲಿ ಇಳಿದಾಗ ಹಂದಿಗಳನ್ನೂ ತಂದಿದ್ದ. ದಕ್ಷಿಣದ ಕಾಡುಗಳಲ್ಲಿ ಓಕ್ ಕಾಯಿ ತಿಂದು ತಾನೇ ಬೆಳೆಯುವ ಪ್ರಾಣಿಗೆ ಕೊಟ್ಟಿಗೆಯೂ ಬೇಡ, ಮೇವೂ ಬೇಡ. ಡಾ. ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತರುವ ಹೊತ್ತಿಗೆ ಈ ಪದಕ್ಕೆ ಇಡೀ ಹಂದಿಯನ್ನು ಬೇಯಿಸುವ ವೆಸ್ಟ್ ಇಂಡೀಸ್‌ನ ಕ್ರಮ ಎಂಬ ಅರ್ಥ ನಿಂತಿತ್ತು. ಮೂಲನಿವಾಸಿಗಳ ಅಟ್ಟ, ಯುರೋಪಿನ ಹಂದಿ ಮತ್ತು ವಿನಿಗರ್, ಕೆಂಡದ ಮುಂದೆ ನಿಂತ ಆಫ್ರಿಕದ ಕೈಗಳು ಹೀಗೆ ಒಂದು ಗುಂಡಿಯಲ್ಲಿ ಕೂಡಿದವು.

ಇಡೀ ಹಂದಿ ಎಂದರೆ ನೂರು ಜನರ ಊಟ. ಹಾಗಾಗಿ ಬಾರ್ಬೆಕ್ಯೂ ಮನೆಯ ಅಡುಗೆಯಾಗದೆ ಕೂಟದ ಅಡುಗೆಯಾಯಿತು. ಜಾರ್ಜ್ ವಾಷಿಂಗ್ಟನ್ 1769ರ ದಿನಚರಿಯಲ್ಲಿ ಅಲೆಗ್ಸಾಂಡ್ರಿಯಾದ ಬಾರ್ಬೆಕ್ಯೂಗೆ ಹೋಗಿ ರಾತ್ರಿ ಅಲ್ಲೇ ಉಳಿದದ್ದನ್ನು ಬರೆದುಕೊಂಡಿದ್ದಾನೆ. 1793ರ ಸೆಪ್ಟೆಂಬರ್ 18ರಂದು ಅದೇ ವಾಷಿಂಗ್ಟನ್ ರಾಜಧಾನಿಯಲ್ಲಿ ಸಂಸತ್ ಭವನಕ್ಕೆ ಅಡಿಗಲ್ಲು ಹಾಕಿದ ಮೇಲೆ ನೆರೆದವರಿಗೆ 500 ಪೌಂಡಿನ ಎತ್ತನ್ನು ಬಾರ್ಬೆಕ್ಯೂ ಮಾಡಿ ಬಡಿಸಲಾಯಿತು. ಚುನಾವಣೆಗೆ ನಿಂತವರು ಮತದಾರರಿಗೆ ಮಾಂಸ, ಮದ್ಯ ಉಣಿಸುವುದು ವರ್ಜೀನಿಯಾದಲ್ಲಿ ಮಾಮೂಲಿ. ಮದ್ಯ ಹಂಚಲು ಒಪ್ಪದ ಜೇಮ್ಸ್ ಮ್ಯಾಡಿಸನ್ 1777ರಲ್ಲಿ ಸೋತ. ಬಾಡೂಟದ ರಾಜಕೀಯ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕೂಟಗಳ ವರದಿಗಳಲ್ಲಿ ಭಾಷಣಕಾರರ ಹೆಸರುಗಳಿವೆ, ಅಡುಗೆಯವರ ಹೆಸರುಗಳು ವಿರಳ. ಗುಂಡಿ ತೋಡಿದವರು, ಕಟ್ಟಿಗೆ ಕಡಿದವರು, ರಾತ್ರಿ ಕಾದವರು ಬಹುಪಾಲು ಗುಲಾಮರು. ಅವರದೇ ಮಾತು ಸಿಗಲು 1930ರ ದಶಕದ ತನಕ ಕಾಯಬೇಕಾಯಿತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಫೆಡರಲ್ ಬರಹಗಾರರ ಯೋಜನೆಯವರು ಬದುಕುಳಿದಿದ್ದ ಮಾಜಿ ಗುಲಾಮರ ನೆನಪುಗಳನ್ನು ಬರೆದುಕೊಂಡರು. 1937ರಲ್ಲಿ ದಕ್ಷಿಣ ಕ್ಯಾರೊಲೈನಾದ ಯೂನಿಯನ್‌ನಲ್ಲಿ ಹೀಗೆ ಮಾತನಾಡಿದವರಲ್ಲಿ 97 ವರ್ಷದ ವೆಸ್ಲಿ ಜೋನ್ಸ್ ಒಬ್ಬರು. ಸಾರ್ಡಿಸ್ ಎಂಬಲ್ಲಿನ ಅಂಗಡಿಯ ಬಳಿ ನಡೆಯುತ್ತಿದ್ದ ದೊಡ್ಡ ಬಾರ್ಬೆಕ್ಯೂಗಳಿಗೆ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಂಸ ಬೇಯಿಸುತ್ತಿದ್ದವರು ಅವರು. ಅವರ ಸಾಸಿನಲ್ಲಿ ವಿನಿಗರ್, ಕರಿಮೆಣಸು, ಕೆಂಪು ಮೆಣಸಿನಕಾಯಿ, ಉಪ್ಪು, ಬೆಣ್ಣೆ, ಸೇಜ್ ಎಲೆ, ಕೊತ್ತಂಬರಿ, ಬೇಸಿಲ್, ಈರುಳ್ಳಿ, ಬೆಳ್ಳುಳ್ಳಿ ಇರುತ್ತಿದ್ದವು. ಕೆಲವರು ಸಕ್ಕರೆಯನ್ನೂ ಹಾಕುತ್ತಿದ್ದರಂತೆ. ಉದ್ದನೆಯ ಕೋಲಿನ ತುದಿಗೆ ಹತ್ತಿ ಸುತ್ತಿ ಮಾಂಸಕ್ಕೆ ಅದನ್ನು ಸವರುತ್ತಿದ್ದರು. ತೊಟ್ಟಿಕ್ಕಿದ ಮಸಾಲೆ ಕೆಂಡಕ್ಕೆ ಬಿದ್ದು ಹೊಗೆಯ ವಾಸನೆಯೇ ಬದಲಾಗುತ್ತಿತ್ತು ಎಂಬುದನ್ನೂ ಅವರು ಗಮನಿಸಿದ್ದಾರೆ.

ಈ ಪಾಕವನ್ನು ಇಂದಿನ ನಕ್ಷೆಯ ಮೇಲಿಟ್ಟು ನೋಡಿ. ದಕ್ಷಿಣ ಕ್ಯಾರೊಲೈನಾದ್ದು, ಆದರೆ ಸಾಸಿವೆ ಇಲ್ಲ. ವಿನಿಗರ್ ಇದೆ, ಆದರೆ ಬೆಣ್ಣೆ, ಕೊತ್ತಂಬರಿ, ಬೆಳ್ಳುಳ್ಳಿಯನ್ನು ಪೂರ್ವ ಕ್ಯಾರೊಲೈನಾದ ಶುದ್ಧಾಚಾರಿಗಳು ಮೂಸಿಯೂ ನೋಡರು. ಟೊಮೆಟೊ ಇಲ್ಲ. ನಕ್ಷೆಯ ಯಾವ ಬಣ್ಣದಲ್ಲೂ ವೆಸ್ಲಿ ಜೋನ್ಸ್ ಸೇರುವುದಿಲ್ಲ. ತಪ್ಪು ಅವರದಲ್ಲ, ಆ ನಕ್ಷೆ ಅವರ ಗುಂಡಿ ಮುಚ್ಚಿದ ಮೇಲೆ ಬರೆದದ್ದು.

ಹಾಗಾದರೆ ಅದು ಬರೆಯಲ್ಪಟ್ಟದ್ದು ಯಾವಾಗ? ಉತ್ತರ ಕ್ಯಾರೊಲೈನಾದ ಲೆಕ್ಸಿಂಗ್ಟನ್ ಒಳ್ಳೆಯ ಸಾಕ್ಷಿ. ಅಲ್ಲಿ ನ್ಯಾಯಾಲಯದ ಅಧಿವೇಶನ ನಡೆಯುವ ವಾರಗಳಲ್ಲಿ ಸುತ್ತಲ ಹಳ್ಳಿಯವರು ಸೇರುತ್ತಿದ್ದರು. 1919ರ ಸುಮಾರಿಗೆ ಸಿಡ್ ವೀವರ್, ಅವರ ಬೆನ್ನಿಗೇ ಜೆಸ್ ಸ್ವೈಸ್‌ಗುಡ್, ಕೋರ್ಟಿನ ಎದುರು ಡೇರೆ ಹಾಕಿ ಬಾರ್ಬೆಕ್ಯೂ ಮಾರತೊಡಗಿದರು. ಡೇರೆಯ ವ್ಯಾಪಾರಕ್ಕೆ ಇಡೀ ಹಂದಿ ಒಗ್ಗುವುದಿಲ್ಲ: ಗಿರಾಕಿ ಎಷ್ಟು ಬರುತ್ತಾರೋ ತಿಳಿಯದು, ಉಳಿದರೆ ನಷ್ಟ. ಮುಂಗಾಲಿನ ಹೆಗಲ ತುಂಡಾದರೆ ಬೇಕಾದಷ್ಟೇ ಬೇಯಿಸಬಹುದು, ಕೊಬ್ಬು ಧಾರಾಳ, ಒಣಗುವ ಭಯವಿಲ್ಲ. ವಿನಿಗರ್‌ಗೆ ಒಂದಿಷ್ಟು ಕೆಚಪ್ ಕೂಡಿತು. 1876ರಲ್ಲಿ ಹೈನ್ಜ್ ಕಂಪನಿ ಕೆಚಪ್ ತಯಾರಿಕೆಗೆ ಇಳಿದ ಮೇಲೆ ಟೊಮೆಟೊ ಎಲ್ಲ ಅಂಗಡಿಗಳ ಕಪಾಟಿನಲ್ಲೂ ಸಿಗುತ್ತಿತ್ತಲ್ಲ. ಸ್ವೈಸ್‌ಗುಡ್ ಬಳಿ ಪಳಗಿದ ವಾರ್ನರ್ ಸ್ಟೇಮಿ ಈ ಕ್ರಮವನ್ನು ಗ್ರೀನ್ಸ್‌ಬರೊಗೆ ಒಯ್ದರು. ಅವರ ಕೈಕೆಳಗೆ ಕಲಿತವರು ಸುತ್ತಲಿನ ಊರುಗಳಲ್ಲಿ ಅಂಗಡಿ ತೆರೆದರು. ‘ಪಶ್ಚಿಮ ಕ್ಯಾರೊಲೈನಾ ಶೈಲಿ’ಗೆ ಹೀಗೆ ಬೀದಿಯ ವಿಳಾಸವೂ ಗುರುಪರಂಪರೆಯೂ ಇವೆ. ಪೂರ್ವದವರು ಇಡೀ ಹಂದಿ, ಬರಿಯ ವಿನಿಗರ್ ಬಿಡಲಿಲ್ಲ. ಏಡನ್ ಎಂಬ ಸಣ್ಣ ಊರಿನಲ್ಲಿ ಪೀಟ್ ಜೋನ್ಸ್ 1947ರಲ್ಲಿ ತೆರೆದ ‘ಸ್ಕೈಲೈಟ್ ಇನ್’ ಇಂದಿಗೂ ಕಟ್ಟಿಗೆಯಲ್ಲೇ ಬೇಯಿಸುತ್ತದೆ. ಪೂರ್ವವನ್ನು ಮೂಲ, ಪಶ್ಚಿಮವನ್ನು ಭ್ರಷ್ಟ ಎನ್ನುವ ಜಗಳ ಅಲ್ಲಿ ಮುಗಿಯುವಂಥದಲ್ಲ. ನನಗೆ ಕಾಣುವಂತೆ ಪೂರ್ವ ಹಳೆಯ ಪದರ, ಪಶ್ಚಿಮ ಅದರ ಮೇಲೆ ಅಂಗಡಿ ಹಾಸಿದ ಇನ್ನೊಂದು ಪದರ, ಅಷ್ಟೆ.

ಟೆಕ್ಸಸ್‌ನಲ್ಲಿ ಅಂಗಡಿ ಎಂದರೆ ಕಸಾಯಿ ಅಂಗಡಿ. 19ನೇ ಶತಮಾನದಲ್ಲಿ ವಲಸೆ ಬಂದ ಜರ್ಮನ್, ಚೆಕ್ ಕಸಾಯಿಗಳು ಮಾರಿ ಉಳಿದ ಮಾಂಸ ಕೆಡದಂತೆ ಹೊಗೆಗೆ ಇಡುತ್ತಿದ್ದರು. ಹತ್ತಿ ಬಿಡಿಸಲು ಬಂದ ಕೂಲಿಗಳು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಅಲ್ಲೇ ನಿಂತು ತಿನ್ನುತ್ತಿದ್ದರು. ತಟ್ಟೆ ಇಲ್ಲ, ಸಾಸಿಲ್ಲ, ಮಾರಾಟ ತೂಕದ ಲೆಕ್ಕದಲ್ಲಿ. ಲಾಕ್‌ಹಾರ್ಟ್‌ನಲ್ಲಿ 1900ರಲ್ಲಿ ಶುರುವಾದ ‘ಕ್ರೈಟ್ಸ್ ಮಾರ್ಕೆಟ್’ ಆ ರೂಢಿಯನ್ನೇ ಮರ್ಯಾದೆಯ ಗುರುತಾಗಿ ಮಾಡಿಕೊಂಡಿತು. ಟೆಕ್ಸಸ್‌ನ ಆತ್ಮವೆಂದು ಕೊಂಡಾಡುವ ಎದೆಮಾಂಸದ ಪಟ್ಟವಂತೂ ತೀರ ಈಚಿನದು. ಹಿಂದೆ ಕಸಾಯಿಗಳಿಗೆ ದನದ ಮುಂಭಾಗ ಇಡಿಯಾಗಿ ಬರುತ್ತಿತ್ತು, ಸಿಕ್ಕ ತುಂಡು ಹೊಗೆಗೆ ಹೋಗುತ್ತಿತ್ತು. 1967ರಲ್ಲಿ ಐಬಿಪಿ ಎಂಬ ಕಂಪನಿ ಮಾಂಸವನ್ನು ಭಾಗಭಾಗವಾಗಿ ಕತ್ತರಿಸಿ ಪೆಟ್ಟಿಗೆಯಲ್ಲಿ ತುಂಬಿ ಮಾರಲು ಶುರುಮಾಡಿದ ಮೇಲೆ ಬೇಕಾದ ಒಂದೇ ತುಂಡನ್ನು ಬೇಕಾದಷ್ಟು ತರಿಸುವುದು ಸುಲಭವಾಯಿತು. ಅಗ್ಗವೆಂದು ಆರಿಸಿದ ಎದೆಮಾಂಸ ಈಗ ದುಬಾರಿ.

ಕಾನ್ಸಸ್ ಸಿಟಿಯ ಕಥೆ ಒಬ್ಬ ಮನುಷ್ಯನಿಂದ ಹೊರಡುತ್ತದೆ. ಮೆಂಫಿಸ್ ಬಳಿ ಹುಟ್ಟಿ, ನದಿಯ ಹಡಗುಗಳ ಅಡುಗೆಮನೆಯಲ್ಲಿ ದುಡಿದ ಹೆನ್ರಿ ಪೆರಿ ಎಂಬ ಕಪ್ಪು ಜನಾಂಗದ ಬಾಣಸಿಗ 1908ರಲ್ಲಿ ಅಲ್ಲಿ ಗಾಡಿ ಅಂಗಡಿ ಹೂಡಿ, ಮಾಂಸವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ 25 ಸೆಂಟಿಗೆ ಕೊಟ್ಟರು. ಅವರ ಸಾಸು ಕಣ್ಣಲ್ಲಿ ನೀರು ತರಿಸುವಷ್ಟು ಖಾರ. 1940ರಲ್ಲಿ ಪೆರಿ ತೀರಿಕೊಂಡ ಮೇಲೆ ಅವರ ಬಳಿ ದುಡಿದ ಚಾರ್ಲಿ ಬ್ರಯಂಟ್, ಆಮೇಲೆ ತಮ್ಮ ಆರ್ಥರ್ ಬ್ರಯಂಟ್ ಅಂಗಡಿ ನಡೆಸಿದರು. ಆರ್ಥರ್ ಖಾರ ತಗ್ಗಿಸಿದರು. ಇಂದು ಜಗತ್ತು ಕಾನ್ಸಸ್ ಸಿಟಿಯದೆಂದು ನಂಬಿರುವ ಗಟ್ಟಿ ಸಿಹಿ ಸಾಸು ಈ ಇಬ್ಬರದೂ ಅಲ್ಲ. ರಿಚ್ ಡೇವಿಸ್ ಎಂಬ ಮಕ್ಕಳ ಮನೋವೈದ್ಯರು 1977ರಲ್ಲಿ ಮಾರುಕಟ್ಟೆಗೆ ತಂದ ಬಾಟಲಿ ಅದನ್ನು ಹಬ್ಬಿಸಿತು. ಒಂದು ನಗರದ ‘ಪರಂಪರೆ’ ಎಪ್ಪತ್ತು ವರ್ಷದಲ್ಲಿ ಖಾರದಿಂದ ಸಿಹಿಗೆ ತಿರುಗಿದೆ.

ಉಳಿದವನ್ನು ಬೇಗ ದಾಟಬಹುದು. ಕೆಂಟಕಿಯ ಓವೆನ್ಸ್‌ಬರೊದಲ್ಲಿ ಮುದಿ ಕುರಿಯ ಬಾರ್ಬೆಕ್ಯೂ ಇರುವುದಕ್ಕೆ ಉಣ್ಣೆಯ ವ್ಯಾಪಾರ ಕಾರಣ. ಉತ್ತರ ಅಲಬಾಮಾದ ಬಿಳಿ ಮೇಯನೇಸ್ ಸಾಸು ಡಿಕೇಟರ್‌ನಲ್ಲಿ 1925ರಲ್ಲಿ ಶುರುಮಾಡಿದ ಬಾಬ್ ಗಿಬ್ಸನ್ ಅವರದು.

ದಕ್ಷಿಣ ಕ್ಯಾರೊಲೈನಾದ ಸಾಸಿವೆ ಮಾತ್ರ ಸ್ವಲ್ಪ ನಿಲ್ಲಿಸುತ್ತದೆ. 18ನೇ ಶತಮಾನದಲ್ಲಿ ನೆಲೆಸಿದ ಜರ್ಮನ್ನರಿಂದ ಬಂತು ಎಂಬುದು ಎಲ್ಲರೂ ಒಪ್ಪಿಕೊಂಡ ವಿವರಣೆ. ಸಾಸಿವೆ ಸಾಸಿನ ಅಂಗಡಿಗಳ ಒಡೆಯರಲ್ಲಿ ಜರ್ಮನ್ ಅಡ್ಡಹೆಸರುಗಳು ಹೆಚ್ಚೆಂಬುದು ನಿಜ. ಆದರೆ ಟೆಕ್ಸಸ್‌ಗೆ ಬಂದವರೂ ಜರ್ಮನ್ನರೇ. ಅಲ್ಲಿ ಅವರು ಸಾಸನ್ನೇ ಬಿಟ್ಟರು. ಕುಲದಿಂದ ರುಚಿಯನ್ನು ವಿವರಿಸುವ ಈ ಸುಲಭದ ದಾರಿಯನ್ನು ನಾನು ನಂಬುವುದಿಲ್ಲ. ಸಾಸಿವೆ ಸಾಸನ್ನು ಹೆಸರುವಾಸಿ ಮಾಡಿದವರಲ್ಲಿ ಮುಖ್ಯರು ಕೊಲಂಬಿಯಾದ ಮಾರಿಸ್ ಬೆಸಿಂಜರ್. ಅವರ ‘ಪಿಗ್ಗಿ ಪಾರ್ಕ್’ ಹೋಟೆಲುಗಳೂ ಕಪ್ಪು ಗಿರಾಕಿಗಳಿಗೆ ಬಾಗಿಲು ಹಾಕಿದ್ದವು. ಆ್ಯನ್ ನ್ಯೂಮನ್ ಮೊಕದ್ದಮೆ ಹೂಡಿದರು. ವರ್ಣಭೇದ ತಮ್ಮ ಧರ್ಮದ ನಂಬಿಕೆ ಎಂಬ ಬೆಸಿಂಜರ್ ವಾದವನ್ನು ಸುಪ್ರೀಂ ಕೋರ್ಟು 1968ರಲ್ಲಿ ಹುರುಳಿಲ್ಲದ್ದೆಂದು ಬದಿಗೆ ಸರಿಸಿ, ಇಂಥ ಮೊಕದ್ದಮೆಯಲ್ಲಿ ಗೆದ್ದವರಿಗೆ ವಕೀಲರ ಖರ್ಚನ್ನು ಸಾಮಾನ್ಯವಾಗಿ ಎದುರಾಳಿಯೇ ಕೊಡಬೇಕು ಎಂದಿತು.

ಬಾರ್ಬೆಕ್ಯೂ ಅಂಗಡಿಗೆ ಬಂದಾಗ ಬದಲಾದದ್ದು ತುಂಡು, ಸಾಸು ಮಾತ್ರವಲ್ಲ. ಬಯಲಿನಲ್ಲಿ ಇಲ್ಲದ ಬಾಗಿಲೂ ಅದಕ್ಕೆ ಬಂತು. ಬಯಲಿನ ಕೂಟವೇನೂ ಸಮಾನತೆಯದಲ್ಲ, ನಿಜ. ಅಂಗಡಿಯಲ್ಲಿ ಆ ಅಸಮಾನತೆಗೆ ಗೋಡೆ ಎದ್ದಿತು, ಗೋಡೆಗೆ ಹೆಸರುಫಲಕ ಬಿತ್ತು. ಶೈಲಿಗಳ ಚರಿತ್ರೆ ಬರೆಯುವವರು ಸಾಸಿನ ಬಣ್ಣವನ್ನು ನೋಡುವಷ್ಟೇ ಎಚ್ಚರದಿಂದ ಆಯಾ ಅಂಗಡಿಯ ಕೂಲಿಪಟ್ಟಿಯನ್ನೂ ನೋಡಬೇಕು. ಆಲೀಸ್ ಬಾರ್ಬೆಕ್ಯೂದ ಪಟ್ಟಿ ತೀರ್ಪಿನಲ್ಲೇ ಇದೆ: ಕೆಲಸಕ್ಕಿದ್ದವರು 36 ಮಂದಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನಾಂಗದವರು.